ರಾಗಿಹಿಟ್ಟಿನ ಡಬ್ಬ

ಮಗನ ಮೇಲೆ ಗಾಂಜಾ ಕೇಸು. ನಾಳೆ ತಾಯಿ ಅವನ ಪರವಾಗಿ ಸಾಕ್ಷಿ ಹೇಳಬೇಕು. ವಕೀಲರ ಆಫೀಸಿನಲ್ಲಿ ಆಕೆ ಕೂತಲ್ಲಿ ಕೂರದೆ, ನಿಂತಲ್ಲಿ ನಿಲ್ಲದೆ ಚಡಪಡಿಸುತ್ತಿದ್ದಳು.

“ಕೂತ್ಕೊಳ್ಳಿ ಅಮ್ಮಾ. ನಿಮ್ಮ ಅಡುಗೆಮನೆಗೆ ಹೊರಗಿನವರು ಯಾರಾದ್ರೂ ಬರ್ತಾರಾ?”

“ಇಲ್ಲ ಸಾರ್. ನಾನು, ನನ್ನ ಮಗ, ಇಬ್ರೇ.”

“ಅಲ್ಲಿರೋದು ಹದಿನಾಲ್ಕು ಡಬ್ಬ. ಪೊಲೀಸರು ಬಂದವರೇ ನೆಟ್ಟಗೆ ರಾಗಿಹಿಟ್ಟಿನ ಡಬ್ಬಕ್ಕೇ ಕೈ ಹಾಕಿದ್ರು. ಗಾಂಜಾ ಅವರೇ ತಂದಿಟ್ಟಿದ್ದಲ್ಲದಿದ್ರೆ, ಅದರಲ್ಲೇ ಇದೆ ಅಂತ ಅವರಿಗೆ ಹೇಗೆ ಗೊತ್ತಾಯ್ತು? ನಾಳೆ ಕೋರ್ಟಲ್ಲಿ ಇದೊಂದೇ ಪ್ರಶ್ನೆ ಕೇಳ್ತೀನಿ. ಸಂಜೆಗೆ ಮಗ ಮನೇಲಿರ್ತಾನೆ.”

“ನಾಳೆ ಸಂಜೆಗೇನಾ?”

“ಖಂಡಿತ.”

ಆಕೆ ಎದ್ದುಹೋಗಿ ಆಫೀಸಿನ ಬಾಗಿಲು ಮುಚ್ಚಿ ಬಂದಳು.

“ಆ ಪ್ರಶ್ನೆ ಕೇಳ್ಬೇಡಿ ಸಾರ್. ಯಾವ ಡಬ್ಬ ಅಂತ ಅವರಿಗೆ ಫೋನ್ ಮಾಡಿ ಹೇಳಿದ್ದು ನಾನೇ.”