ಇಪ್ಪತ್ತನಾಲ್ಕನೆಯ ಕವಚ

"ಬಂತೇನೇ ಆ ರೋಗಾಣುವಿನ ನಂಬರು?"

ಆಸ್ಪತ್ರೆಯ ಪ್ರಯೋಗಾಲಯದ ಬಾಗಿಲಲ್ಲಿ ನಿಂತು ಖಮ್‌ಪೋನ್ ಅತ್ತೆ ಹೀಗೆ ಕೇಳಿದಾಗ ಅಲ್ಲಿ ಕೆಲಸ ಮಾಡುವ ಬುವಾಪಾನಳಿಗೆ ಹಿಡಿಸಲಾರದಷ್ಟು ಖುಷಿಯಾಯಿತು. ಕೊಚ್ಚಿದ ಹಸಿ ಹಂದಿಮಾಂಸದ ಲಾಪ್ ತಿಂದು, ಜ್ವರ ನೆತ್ತಿಗೇರಿ ಮಲಗಿದ್ದ ಇನ್‌ಕೇವ್ ಮಾವ ಹೇಗೋ ಬದುಕಿಕೊಂಡಿದ್ದ. ಆದರೆ ಎರಡು ಕಿವಿಯೂ ಹೋಗಿದ್ದವು. ಇನ್ನೊಮ್ಮೆ ತಿಂದರೆ ಮಾವ ಉಳಿಯುವುದಿಲ್ಲ ಎಂಬ ಭಯ ಅವಳಿಗೆ. ಹಸಿ ಮಾಂಸ ಬಿಡಿ ಎಂದು ಹೇಳಿ ಹೇಳಿ ಬಾಯಿ ನೋಯಿಸಿಕೊಂಡಿದ್ದಳು. ಸದ್ಯ, ಅತ್ತೆಯಾದರೂ ಕೇಳಿದಳಲ್ಲ.

"ಬಂತು ಅತ್ತೆ. ಈ ರೋಗಾಣು ಮೈಮೇಲೆ ಒಂದು ಕವಚ ತೊಟ್ಕೊಂಡಿರತ್ತೆ. ಕವಚದಲ್ಲಿ ಹಲವು ಬಗೆ, ಒಂದೊಂದಕ್ಕೂ ಒಂದೊಂದು ನಂಬರು. ಮಾವನ ಬೆನ್ನಿಂದ ತೆಗೆದ ನೀರಲ್ಲಿ ಸಿಕ್ಕಿದ್ದರ ಜೀನ್ ನೋಡಿದ್ವಿ. ಇಪ್ಪತ್ತನಾಲ್ಕು."

"ಖಂಡಿತಾನಾ?"

"ಜೀನ್ ಸುಳ್ಳು ಹೇಳಲ್ಲ. ಮಾವ ಮಾಂಸ ತಂದ ಅಂಗಡೀಲಿ ಉಳಿದಿದ್ದರಲ್ಲೂ ಅದೇ ಇಪ್ಪತ್ತನಾಲ್ಕು."

"ಎರಡೂ ಕಡೆ ಅದೇನಾ!" ಅತ್ತೆ ಚಪ್ಪಲಿ ಕಳಚಿ ಜೀನ್ ಓದುವ ಯಂತ್ರಕ್ಕೆ ಕೈಮುಗಿದಳು. "ತಿರುಗಿಸಿದ್ರೆ ನಲವತ್ತೆರಡು" ಎಂದು ತನ್ನಷ್ಟಕ್ಕೆ ಗೊಣಗುತ್ತ ಹೊರಟುಹೋದಳು.

ಸಂಜೆಯೊಳಗೆ ಲಾಟರಿ ಮಾರುವವಳ ಹಲಗೆಯ ಮೇಲೆ ಇಪ್ಪತ್ತನಾಲ್ಕರಲ್ಲಿ ಮುಗಿಯುವ ಒಂದು ಟಿಕೆಟ್ಟೂ ಉಳಿಯಲಿಲ್ಲ. ಸತ್ತವರ ವಯಸ್ಸು, ಗುದ್ದಿದ ಕಾರಿನ ನಂಬರು, ಯಾವುದನ್ನೂ ಬಿಡದ ಪಯಾವ್ ಸೀಮೆಯ ಜನ, ಸರ್ಕಾರಿ ಯಂತ್ರವೇ ಕೊಟ್ಟ ನಂಬರನ್ನು ಬಿಟ್ಟಾರೆಯೇ? ಡ್ರಾ ಆದಾಗ ಬಂದದ್ದು ನಲವತ್ತೆರಡು. ಹುಡುಗಿ ಜೀನನ್ನು ಹಿಂದುಮುಂದಾಗಿ ಓದಿದ್ದಾಳೆಂದು ಊರೆಲ್ಲ ಬುವಾಪಾನಳಿಗೆ ಹಿಡಿಶಾಪ ಹಾಕಿತು. ನಂಬರನ್ನು ತಿರುಗಿಸಿ ಟಿಕೆಟ್ಟು ಕೊಂಡಿದ್ದ ಅತ್ತೆಗೊಬ್ಬಳಿಗೇ ಬಹುಮಾನ ಹೊಡೆಯಿತು.

ಮಾವ ಮನೆಗೆ ಬಂದ ದಿನ, ದಿಕ್ಕೆಟ್ಟ ಪ್ರಾಣವನ್ನು ಮೈಗೆ ಕರೆದು ಮಣಿಕಟ್ಟಿಗೆ ದಾರ ಕಟ್ಟುವ ಶಾಸ್ತ್ರ. ಗೆದ್ದ ದುಡ್ಡಿನಲ್ಲಿ ಅತ್ತೆ ಹಂದಿ ಕಡಿಸಿದ್ದಳು. ಬುವಾಪಾನ್ ಅಂಗಳಕ್ಕೆ ಕಾಲಿಡುವ ಹೊತ್ತಿಗೆ ಮಾವ, ದಾರ ಕಟ್ಟಿದ ಕೈಯಲ್ಲೇ, ಅಂಟನ್ನದ ಉಂಡೆಯನ್ನು ಕೆಂಪಗಿನ ಹಸಿ ಲಾಪ್‌ಗೆ ಅದ್ದುತ್ತಿದ್ದ. ಅವಳು ನೇರ ಅತ್ತೆಯತ್ತ ನುಗ್ಗಿದಳು.

"ಅತ್ತೆ, ನಿಮಗೇನು ತಲೆ ಕೆಟ್ಟಿದೆಯಾ? ಬೇಯಿಸೋಕೇನಾಗಿತ್ತು?"

"ಬೇಯಿಸಿದ್ರೆ ನಂಬರು ಸತ್ತೋಗಲ್ವೇನೇ?" ಅತ್ತೆ ತಣ್ಣಗೆ ಹೇಳಿದಳು. "ನಿಮ್ಮ ಮಾವಂದು ಕೈಗುಣ ಒಳ್ಳೇದು. ಇನ್ನೊಂದು ತರಲಿ ಬಿಡು."

"ಮಾವ, ತಿನ್ನಬೇಡಿ, ಉಗೀರಿ ಅದನ್ನ!"

ಮಾವ ಜಗಿಯುತ್ತಲೇ ಕಿವಿ ತೋರಿಸಿ ನಕ್ಕ. "ಏನೂ ಕೇಳಲ್ಲ ಮಗಾ. ಕೈಯಲ್ಲಿ ಹೇಳು."

ಬುವಾಪಾನ್ ಎರಡೂ ಅಂಗೈ ಅಗಲಿಸಿ, ಬೇಡ ಬೇಡ ಎಂದು ಜೋರಾಗಿ ಆಡಿಸಿದಳು.

ಅಂಗಳದಲ್ಲಿದ್ದವರೆಲ್ಲ ಕೈಲಿದ್ದ ತುತ್ತು ಕೆಳಗಿಟ್ಟು, ಅವಳ ಬೆರಳು ಎಣಿಸತೊಡಗಿದರು.