ಯಾರೋ ಒಬ್ಬ ಅವರ ಹೊಸ ವಿಳಾಸ

"ಹಾಗಾದ್ರೆ ಯಾರೋ ಅವರನ್ನ ಇವತ್ತು ತೆಗೆದುಬಿಡೋಣ್ವಾ ಮೇಡಂ?" ಎಂದು ಸಾಫ್ಟ್‌ವೇರ್ ಕಂಪನಿಯಾತ ಫೋನಿನ ಆ ಕಡೆಯಿಂದ ಕೇಳಿದಾಗ, ತೆರಿಗೆ ಕಚೇರಿಯ ಅಧಿಕಾರಿಣಿ ಕುಡಿಯುತ್ತಿದ್ದ ಕಾಫಿಯನ್ನು ಕೆಳಗಿಟ್ಟಳು. ಕೇಳಿಯೇ ಕೇಳುತ್ತಾನೆಂದು ಗೊತ್ತಿತ್ತು. ಸೋಮವಾರ ಹೊಸ ತೆರಿಗೆ ಸೇವೆ ಜನರಿಗೆ ತೆರೆದುಕೊಳ್ಳುತ್ತದೆ. ಅಷ್ಟರೊಳಗೆ, ಪರೀಕ್ಷೆ ಮಾಡಿ ನೋಡಲೆಂದು ಸೇರಿಸಿದ್ದ ಸುಳ್ಳು ಹೆಸರುಗಳೆಲ್ಲ ಪಟ್ಟಿಯಿಂದ ಹೋಗಬೇಕು. ಮಿಕ್ಕವೆಲ್ಲ ಹೋಗಿಯಾಗಿತ್ತು. ಉಳಿದಿದ್ದದ್ದು 'ಯಾರೋ ಒಬ್ಬ' ಮಾತ್ರ.

ಅದು ಅವರ ಹೆಸರು. ಎರಡು ವರ್ಷದ ಹಿಂದೆ, ಇಲಾಖೆಯೂ ಕಂಪನಿಯೂ ಕೂಡಿ ಈ ಕೆಲಸಕ್ಕೆ ಕೈಹಾಕಿದ ಮೊದಲ ದಿನ, ಹೆಸರಿನ ಜಾಗದಲ್ಲಿ ಏನು ಹಾಕಲಿ ಎಂದು ಆತ ಕೇಳಿದ್ದ. ಫೈಲುಗಳಲ್ಲಿ ಮುಳುಗಿದ್ದ ಆಕೆ, ಯಾರೋ ಒಬ್ಬ ಅಂತ ಹಾಕಿ ಎಂದಿದ್ದಳು. ಪುಣ್ಯಾತ್ಮ ಹಾಗೇ ಹಾಕಿದ. ಮರುದಿನ ಪರದೆಯ ಮೇಲೆ "ಮಾನ್ಯ ಯಾರೋ ಒಬ್ಬ ಅವರೇ, ನಿಮಗೆ ಸ್ವಾಗತ" ಎಂದು ಬಂದಾಗ ಆಕೆ ನಕ್ಕ ನಗುವಿಗೆ ಪಕ್ಕದ ಮೇಜಿನವರು ಏನಾಯಿತೋ ಎಂದು ಎದ್ದು ಬಂದಿದ್ದರು.

ಆಮೇಲೆ ದಿನಾ ಹನ್ನೊಂದು ಗಂಟೆಗೆ ಫೋನು. ನಿಯಮ ಆಕೆಯದು, ಪುಟ ಆತನದು, ಪಾಡು ಯಾರೋ ಅವರದು. ಒಂದೊಂದು ಪುಟ ಸರಿಯಿದೆಯೇ ಎಂದು ನೋಡಲು ಅವರಿಗೆ ಮದುವೆ ಮಾಡಿಸಿದರು, ಅವಳಿ ಮಕ್ಕಳನ್ನು ಕೊಟ್ಟರು, ಮಕ್ಕಳನ್ನು ವಾಪಸ್ ತೆಗೆದುಕೊಂಡರು, ಬಡಗಿಯಾಗಿದ್ದವರಿಗೆ ಹೋದ ತಿಂಗಳು ಕ್ಷೌರದಂಗಡಿ ಇಡಿಸಿಕೊಟ್ಟರು. ಒಮ್ಮೆ 'ಸಂಗಾತಿ ಇಲ್ಲ' ಎಂದು ಗುರುತು ಹಾಕಿದರೆ ಪುಟ ಮುಂದಕ್ಕೆ ಹೋಗಲೇ ಇಲ್ಲ. ಒಂಟಿಯಾಗಿ ಇರೋರಿಗೂ ಮುಂದಿನ ಪುಟ ಬೇಕಲ್ವಾ ಎಂದು ಆಕೆ ಸ್ವಲ್ಪ ಬಿರುಸಾಗಿಯೇ ಹೇಳಿಬಿಟ್ಟಳು. ಆತ ಮೆಲ್ಲಗೆ, "ನಾನೂ ನನ್ನ ಹೆಸರು ಹಾಕಿ ನೋಡಿದೆ ಮೇಡಂ. ಅದೇ ಪುಟದಲ್ಲಿ ನಿಂತ್ಬಿಟ್ಟೆ," ಎಂದ. ಆ ದೋಷ ಸಂಜೆಯೊಳಗೆ ಸರಿಹೋಯಿತು. ಹನ್ನೊಂದರ ಫೋನು ಮಾತ್ರ ಅಂದಿನಿಂದ ಹನ್ನೆರಡರವರೆಗೂ ಎಳೆಯತೊಡಗಿತು.

ಬರಬರುತ್ತ ರಜಾ ದಿನವೂ ಬರತೊಡಗಿತು. ಮಗಳು ಫೋನು ಹಿಡಿದು, ನಕ್ಕುಕೊಂಡು, ಅಡುಗೆಮನೆಯಿಂದ ವರಾಂಡಕ್ಕೆ ಜಾರುವುದು ಅಮ್ಮನ ಕಣ್ಣಿಗೆ ಬೀಳದೆ ಇರುತ್ತದೆಯೇ? "ಯಾರೇ ಅದು?" ಎನ್ನುತ್ತಿದ್ದರು. "ಯಾರೋ ಒಬ್ಬ, ಬಿಡಮ್ಮ." ಪೂರ್ತಿ ಸುಳ್ಳೂ ಅಲ್ಲ, ಪೂರ್ತಿ ನಿಜವೂ ಅಲ್ಲ. ನಲವತ್ತಾರು ವರ್ಷದ ಮಗಳು ಹೀಗೆ ಮಾತು ಹಾರಿಸಿದರೆ ಅಮ್ಮ ತಾನೇ ಏನು ಮಾಡಿಯಾರು! ಸೆರಗಿನಲ್ಲಿ ಬಾಯಿ ಒರೆಸಿಕೊಳ್ಳುವ ನೆಪದಲ್ಲಿ ನಕ್ಕು ಸುಮ್ಮನಾಗುತ್ತಿದ್ದರು.

ಈಗ ಯಾರೋ ಹೋದರೆ ಹನ್ನೊಂದರ ಫೋನೂ ಹೋಯಿತು. ಎರಡು ವರ್ಷದಲ್ಲಿ ಒಬ್ಬರ ಮುಖ ಒಬ್ಬರು ಕಂಡಿರಲಿಲ್ಲ. ನಾಳೆಯಿಂದ ಯಾವ ನೆಪ ಹೇಳಿ ಮಾತಾಡಿಸುವುದು? ಇಷ್ಟೊಂದು ನಿಯಮ ಬರೆದವಳಿಗೆ ಅದಕ್ಕೊಂದು ನಿಯಮ ಹೊಳೆಯಲಿಲ್ಲ. "ಸರಿ, ತೆಗೀರಿ," ಎಂದಳು.

ಇಬ್ಬರ ಮುಂದೆಯೂ ಒಂದೇ ಪುಟ ತೆರೆದುಕೊಂಡಿತು. ತೆಗೆಯಲು ಕಾರಣ ಕೊಡಿ ಎಂದಿತು. ಇದ್ದದ್ದು ಮೂರೇ: ಮರಣ, ವ್ಯವಹಾರ ನಿಲುಗಡೆ, ಸ್ಥಳ ಬದಲಾವಣೆ. ಬಾಣದ ಗುರುತು ಮೊದಲನೆಯದರ ಮೇಲೆ ಬಂದದ್ದೇ ತಡ, ಬೇಡ ಬೇಡ ಎಂದಳು ಆಕೆ. ತನಗೂ ಕೈ ಏಳುತ್ತಿಲ್ಲ ಎಂದ ಆತ. ಅಂಗಡಿ ಮುಚ್ಚಿಸೋಣವೆಂದರೆ ಈಗಷ್ಟೇ ಇಟ್ಟಿದ್ದಾರೆ, ಕುರ್ಚಿಗೆ ಸುತ್ತಿದ ಪ್ಲಾಸ್ಟಿಕ್ ಕೂಡ ಬಿಚ್ಚಿರಲಿಕ್ಕಿಲ್ಲ, ಪಾಪ. ಕೊನೆಗೆ ಸ್ಥಳ ಬದಲಾವಣೆ ಒತ್ತಿದರು. 'ಹೊಸ ವಿಳಾಸ' ಎಂಬ ಖಾಲಿ ಜಾಗ ಬಂತು, ಪಕ್ಕದಲ್ಲಿ ಕೆಂಪು ಚುಕ್ಕಿ. ತುಂಬದೆ ಮುಂದಕ್ಕೆ ಬಿಡದು. ವಿಳಾಸ ಕೇಳದೆ ಯಾರನ್ನೂ ಕಳಿಸಕೂಡದು ಎಂದು ಹಠ ಹಿಡಿದು ಆ ಚುಕ್ಕಿ ಹಾಕಿಸಿದವಳು ಆಕೆಯೇ.

"ಎಲ್ಲಿಗೆ ಕಳಿಸೋಣ ಮೇಡಂ?"

ಆಕೆ ತನ್ನ ಮನೆಯ ವಿಳಾಸ ಹೇಳಿದಳು. ಬಾಗಿಲ ಸಂಖ್ಯೆ, ಅಡ್ಡರಸ್ತೆ, ಮೂಲೆಯ ಹೊಲಿಗೆ ಅಂಗಡಿ, ಎರಡನೇ ಮಹಡಿ, ಕೆಟ್ಟುಹೋದ ಕರೆಗಂಟೆ, ಏನನ್ನೂ ಬಿಡಲಿಲ್ಲ. ಹೇಳುತ್ತ ಹೇಳುತ್ತ ಕಿವಿ ಬಿಸಿಯಾಯಿತು. ಪರದೆ ನೋಡಿದರೆ ಜಾಗ ಇನ್ನೂ ಖಾಲಿ.

"ಯಾಕೆ, ಹಾಕ್ಲಿಲ್ವಾ?"

"ಅದರಲ್ಲಿ ಹಾಕಲ್ಲ ಮೇಡಂ, ಅದನ್ನ ಎಲ್ಲರೂ ನೋಡ್ತಾರೆ. ಕಾಗದದ ಮೇಲೆ ಬರ್ಕೊಂಡೆ." ಪೆನ್ನಿಗೆ ಮುಚ್ಚಳ ಹಾಕಿದ ಸದ್ದು ಕೇಳಿಸಿತು. ಖಾಲಿ ಜಾಗದಲ್ಲಿ ಕಚೇರಿಯ ವಿಳಾಸ ಬಂದು ಕೂತಿತು. ಯಾರೋ ಒಬ್ಬ ಅವರು ಪಟ್ಟಿಯಿಂದ ಹೊರಟರು. ಆತ ಗಂಟಲು ಸರಿಮಾಡಿಕೊಂಡ. "ಅವರು ಭಾನುವಾರ ಬಂದ್ರೆ ಆಗತ್ತಾ?"

"ಅವರೊಬ್ಬರನ್ನೇ ಕಳಿಸಬೇಡಿ, ದಾರಿ ಗೊತ್ತಾಗಲ್ಲ," ಎಂದಳು ಆಕೆ. "ನೀವೂ ಜೊತೆಗೆ ಬನ್ನಿ."

ಸಂಜೆ ಅಮ್ಮ ಬಟಾಣಿ ಸುಲಿಯುತ್ತಿದ್ದರು. ಭಾನುವಾರ ಊಟಕ್ಕೆ ಒಬ್ಬರು ಬರುತ್ತಾರೆ ಎಂದಾಗ ಕೈ ನಿಲ್ಲಿಸಿ ತಲೆಯೆತ್ತಿದರು.

"ಯಾರೇ?"

ರೂಢಿಯ ಉತ್ತರ ನಾಲಿಗೆಯ ತುದಿಗೆ ಬಂದಿತ್ತು. ಆಕೆ ಅದನ್ನು ನುಂಗಿಕೊಂಡಳು. ಅಮ್ಮನ ಪಕ್ಕದಲ್ಲಿ ಕೂತು, ಒಂದು ಹಿಡಿ ಬಟಾಣಿ ತನ್ನ ಕಡೆಗೆ ಎಳೆದುಕೊಂಡು, ಮೊದಲ ಸಲ ಆತನ ಹೆಸರು ಹೇಳಿದಳು.