ಆಗಸ್ಟಿನಲ್ಲಿ ಬೋಳಾದ ಗಿಂಕೋ

ಆಗಸ್ಟ್ ತಿಂಗಳ ಆ ಬೆಳಿಗ್ಗೆ ಏಳು ಗಂಟೆ ಹತ್ತು ನಿಮಿಷಕ್ಕೆ ಆರ್ಡಿಸಳ ಮನೆಯೆದುರಿನ ಗಿಡ್ಡ ಗಿಂಕೋ ತನ್ನ ಎಲೆಗಳನ್ನೆಲ್ಲ ಒಮ್ಮೆಗೇ ಉದುರಿಸಿಬಿಟ್ಟಿತು. ಗಾಳಿ ಇರಲಿಲ್ಲ. ಆರ್ಡಿಸ್ ನೀರಿನ ಪೈಪು ಹಿಡಿದು ಅದರ ಬುಡದಲ್ಲೇ ನಿಂತಿದ್ದಳು. ಸೊಂಟದೆತ್ತರದ ಗಿಡ, ಹದಿನಾಲ್ಕು ವರ್ಷವಾದರೂ ಅದಕ್ಕಿಂತ ಮೇಲೆ ಹೋಗಿರಲಿಲ್ಲ. ಪುಟ್ಟ ಬೀಸಣಿಗೆಯಂಥ ಎಲೆಗಳು, ಹಚ್ಚಹಸಿರಾಗಿಯೇ, ಸದ್ದಿಲ್ಲದೆ ಬಿದ್ದು ಅವಳ ಚಪ್ಪಲಿಗಳನ್ನು ಮುಚ್ಚಿದವು.

ಗಿಂಕೋ ಒಂದೇ ದಿನ ಬೋಳಾಗುವುದು ಹೊಸದೇನಲ್ಲ. ಆದರೆ ಅದು ನವೆಂಬರಿನಲ್ಲಿ, ಎಲೆಯೆಲ್ಲ ಬಂಗಾರವಾದ ಮೇಲೆ, ಇಬ್ಬನಿ ಹೆಪ್ಪುಗಟ್ಟುವ ಮೊದಲ ಬೆಳಿಗ್ಗೆ. ಆರ್ಡಿಸ್ ಒಂದು ರೆಂಬೆಯನ್ನು ಉಗುರಿನಿಂದ ಕೆರೆದು ನೋಡಿದಳು. ಒಳಗೆ ಹಸಿರಿತ್ತು, ತೇವವಿತ್ತು. ಗಿಡ ಸತ್ತಿರಲಿಲ್ಲ.

ಅವಳಿಗೆ ಭಯವಾದದ್ದು ತಂಗಿ ಲೀಟಾಳ ಬಗ್ಗೆ. ತವರಿನ ಹಿತ್ತಿಲ ದೊಡ್ಡ ಗಿಂಕೋ ಮರದಲ್ಲಿ, ಹಕ್ಕಿಗೂಡಿನ ಹಾಗೆ ಒತ್ತಾಗಿ ಕವಲೊಡೆದ ಒಂದು ಗಂಟಿತ್ತು. ಅದನ್ನು ಮಾಟಗಾತಿಯ ಪೊರಕೆ ಎನ್ನುತ್ತಿದ್ದರು. ಕಿರಿಯ ತಮ್ಮ ಮರ್ಲ್ ಅದರಿಂದ ಮೂರು ಕಡ್ಡಿ ಕತ್ತರಿಸಿ ಕಸಿ ಕಟ್ಟಿದ್ದ. ಆರ್ಡಿಸಳಿಗೊಂದು, ಲೀಟಾಳಿಗೊಂದು, ತನಗೊಂದು. ನಮ್ಮಲ್ಲಿ ಯಾರಿಗೇನಾದರೂ ಮೂರು ಗಿಡಕ್ಕೂ ಗೊತ್ತಾಗುತ್ತೆ ಎನ್ನುತ್ತಿದ್ದ. ಆಮೇಲೆ ಅಮ್ಮನ ಪಿಯಾನೋ ಯಾರಿಗೆ ಎಂದು ಅಕ್ಕತಂಗಿಯರಿಗೆ ಜಗಳವಾಯಿತು. ಮಾತು ಬಿಟ್ಟು ಒಂಬತ್ತು ವರ್ಷ.

ಫೋನು ಮಾಡಲು ಧೈರ್ಯ ಸಾಲಲಿಲ್ಲ. ಆರ್ಡಿಸ್ ಒದ್ದೆ ಚಪ್ಪಲಿಯಲ್ಲೇ ಕಾರು ಹತ್ತಿ, ಒಹಾಯೋದ ಜೋಳದ ಹೊಲಗಳ ನಡುವೆ ಒಂದೂವರೆ ಗಂಟೆ ಓಡಿಸಿದಳು.

ಲೀಟಾ ಬಾಗಿಲಲ್ಲೇ ನಿಂತಿದ್ದಳು, ಕೈಯಲ್ಲಿ ಕಾರಿನ ಕೀ ಹಿಡಿದು.

“ನಾನು ಸತ್ತಿದೀನಾ ಅಂತ ನೋಡೋಕೆ ಬಂದ್ಯಾ?”

“ಹೂಂ ಕಣೇ.”

“ನಾನೂ ಅದಕ್ಕೇ ಹೊರಟಿದ್ದೆ.” ಲೀಟಾ ಕೀಯನ್ನು ಜೇಬಿಗೆ ಹಾಕಿಕೊಂಡಳು. “ನಿಂದು ಎಷ್ಟೊತ್ತಿಗೆ ಉದುರ್ತು?”

“ಏಳೂ ಹತ್ತಕ್ಕೆ.”

ಲೀಟಾ ಮೆಟ್ಟಿಲ ಪಕ್ಕಕ್ಕೆ ಬೆರಳು ತೋರಿಸಿದಳು. ಅವಳ ಗಿಡವೂ ಬೋಳು. “ರೇಡಿಯೋದಲ್ಲಿ ಆಗಷ್ಟೇ ಹವಾಮಾನ ಹೇಳೋಕೆ ಶುರು ಮಾಡಿದ್ರು. ಏಳೂ ಹತ್ತೇ.”

ಇಬ್ಬರೂ ತಬ್ಬಿಕೊಂಡರು. “ಎಷ್ಟು ಮುದುಕಿ ಆಗಿದೀಯೇ,” ಎಂದಳು ಲೀಟಾ. “ನೀನೇನು ಹದಿನೆಂಟರವಳಾ?” ಎಂದು ಆರ್ಡಿಸ್ ನಕ್ಕಳು. ನಗುತ್ತಿರುವಾಗಲೇ ಇಬ್ಬರಿಗೂ ಒಟ್ಟಿಗೇ ಮೂರನೆಯ ಗಿಡ ನೆನಪಾಯಿತು.

ಲೀಟಾ ಮರ್ಲನ ಮನೆಗೆ ಫೋನು ಮಾಡಿದಳು. ಎತ್ತಿದವಳು ಅವನ ಹೆಂಡತಿ ಓಪಲ್.

“ಮರ್ಲಾ? ಚೆನ್ನಾಗೇ ಇದಾನೆ. ಬೆಳಿಗ್ಗೆ ಆ ಗಿಡ ಎಲೆ ಉದುರಿಸ್ತು. ಎಲೆ ಬಾಚಿ ಹಾಕ್ತೀನಿ ಅಂತ ಹೋದೋನು ಇನ್ನೂ ಒಳಗೆ ಬಂದಿಲ್ಲ. ಇದ್ದಿದ್ದೇ ಒಂದು ಬುಟ್ಟಿ ಎಲೆ! ಅದೂ ಮುಗಿದು ಈಗ ಬರೀ ಹುಲ್ಲು ಬಾಚ್ತಿದಾನೆ. ಮೊಟ್ಟೆ ಆರಿ ತಣ್ಣಗಾಯ್ತು.”

“ಅವನನ್ನ ಒಳಗೆ ಕರಿ, ಓಪಲ್. ಈಗಲೇ.”

“ಕರೆದೆ. ಯಾರು ಬರ್ತಾರೇಂತ ಅಂಗಳ ಇಷ್ಟು ಚೊಕ್ಕ ಮಾಡ್ತಿದೀಯ ಅಂತ ಕೇಳ್ದೆ. ಅಕ್ಕಂದಿರು ಅಂದ. ನೀವಿಬ್ರೂ ಒಂದೇ ಕಾರಲ್ಲಿ ಬರ್ತೀರಂತೆ!” ಓಪಲ್ ಕಿಸಕ್ಕನೆ ನಕ್ಕಳು. ಆ ನಗು ನಡುವೆಯೇ ನಿಂತುಹೋಯಿತು. “ಸಾವಿಗೆ ಹಾಕೋ ಕಪ್ಪು ಬಟ್ಟೆ ಹಾಕ್ಕೊಂಡು.”